ಹಿನ್ನೀರಿಗೆ ಹೋದ ಯಜಮಾನರು

ರೆಸಾರ್ಟ್ ಯಜಮಾನರು ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೇರಳವಾಗಿ ಸಿಗುವ ಒಂದು ಬಗೆಯ ಹಿರಿಯರು. ವಯಸ್ಸು ಅರವತ್ತೈದರ ಆಚೀಚೆ. ಊರಲ್ಲಿ ಮೂರೋ ನಾಲ್ಕೋ ಎಕರೆ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದ ಒಬ್ಬ ಮಗ, ಆ ಮಗನಿಗೆ ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ‘ಅಪ್ಪ ಅಮ್ಮ ಎಲ್ಲಿಗೂ ಹೋಗೇ ಇಲ್ಲ’ ಎಂಬ ಸಂಕಟ, ಈ ಮೂರೂ ಕೂಡಿದ ಮನೆಯಲ್ಲಿ ರೆಸಾರ್ಟ್ ಯಜಮಾನರು ತಯಾರಾಗುತ್ತಾರೆ. ತಾವಾಗಿ ರೆಸಾರ್ಟಿಗೆ ಹೋದವರನ್ನು ಈ ವರ್ಗಕ್ಕೆ ಸೇರಿಸುವ ಹಾಗಿಲ್ಲ. ಮಗ ಎಳೆದುಕೊಂಡು ಹೋದವರಷ್ಟೇ ಲೆಕ್ಕಕ್ಕೆ.

ಈ ಸೀಮೆಗೆ ಸಮುದ್ರ ದೂರ. ದ್ವೀಪ, ಬೀಚು, ದೋಣಿ ನಿಲ್ಲುವ ಕಟ್ಟೆ ಮೂರೂ ಒಂದೇ ಕಡೆ ಬೇಕೆಂದರೆ ಇರುವುದು ಕಬಿನಿ ಹಿನ್ನೀರು. ವಯನಾಡಿನ ಮಳೆ ಹೊತ್ತು ಬಂದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕೂಡುವ ಈ ನದಿಗೆ ಬೀಚನಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಜಲಾಶಯದ ಗರಿಷ್ಠ ಮಟ್ಟ 2284 ಅಡಿ, ಹಿಡಿಯುವ ನೀರು ಸುಮಾರು 19.5 ಟಿಎಂಸಿ. ಮಳೆಗಾಲದಲ್ಲಿ ನೀರು ಏರಿದಾಗ ದಿಬ್ಬಗಳೆಲ್ಲ ದ್ವೀಪಗಳಾಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡದಲ್ಲಿ ಉಳಿಯುವ ಹೂಳಿಗೆ ಬೀಚು ಎಂಬ ಹೆಸರು ಬರುತ್ತದೆ. ಕಡಲೂರುಗಳಲ್ಲಿ ಮರೀನಾ ಎನ್ನುವುದಕ್ಕೆ ಇಲ್ಲಿ ಜೆಟ್ಟಿ ಎಂಬ ಬೋರ್ಡಿದೆ. ಯಜಮಾನರ ಬಾಯಲ್ಲಿ ಅದು ತೆಪ್ಪದ ಕಡವು.

ಇಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಸುಮ್ಮನೆ ಕೂರಿಸುವ ಕಸುಬಿಗೆ ಸರ್ಕಾರವೇ ಮೊದಲು ಕೈಹಾಕಿತು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆಯಿದ್ದ ಜಾಗದಲ್ಲೇ ತನ್ನ ಮೊದಲ ತಂಗುದಾಣ ತೆರೆಯಿತು. ಎಲ್ಲರ ಬಾಯಲ್ಲೂ ‘ಪಾಪಾ’ ಆಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅದನ್ನು ನಡೆಸಿಕೊಂಡು ಬಂದು, 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಸರ್ಕಾರದ ಬೆನ್ನಿಗೇ ಖಾಸಗಿಯವರೂ ದಡದುದ್ದಕ್ಕೂ ಬಂದರು. ಪಾಪಾ ಇಷ್ಟು ವರ್ಷ ಇಲ್ಲಿ ಹೇಗಿದ್ದರು ಎಂಬುದು, ಎರಡನೆಯ ದಿನ ಬೆಳಗಾಗುವುದರೊಳಗೆ ಬ್ಯಾಗಿನ ಜಿಪ್ ಎಳೆದು ಕೂರುವ ರೆಸಾರ್ಟ್ ಯಜಮಾನರಿಗೆ ಬಿಡಿಸಲಾಗದ ಒಗಟು.

ತಾಲ್ಲೂಕಿಗೆ ತಕ್ಕಂತೆ ಯಜಮಾನರಲ್ಲಿ ನಾಲ್ಕು ಒಳಪಂಗಡಗಳಿವೆ. ಹುಣಸೂರಿನವರು ಹೊಗೆಸೊಪ್ಪಿನವರು. ಹರಾಜು ಕಟ್ಟೆಯಲ್ಲಿ ನಿಂತು ನಿಂತು ಅವರ ಕಣ್ಣಿಗೆ ಜಗತ್ತು ಬ್ರೈಟ್, ಮೀಡಿಯಂ, ಲೋ ಎಂದು ಮೂರು ಗ್ರೇಡಾಗಿ ಕಾಣುತ್ತದೆ. ಪಿರಿಯಾಪಟ್ಟಣದವರಿಗೆ ಹೊಗೆಸೊಪ್ಪಿನ ಜೊತೆ ಶುಂಠಿಯ ಅನುಭವವೂ ಇರುವುದರಿಂದ ಯಾವ ರೇಟು ಕೇಳಿದರೂ ಬೆಚ್ಚುವುದಿಲ್ಲ. ಅವರಿಗೆ ದ್ವೀಪವೂ ಹೊಸತಲ್ಲ. ಕುಶಾಲನಗರದ ಪಕ್ಕದಲ್ಲಿ ಕಾವೇರಿಯ ನಡುವೆ 64 ಎಕರೆಯ ನಿಸರ್ಗಧಾಮಕ್ಕೆ ತೂಗುಸೇತುವೆ ದಾಟಿ ಹೋಗಿ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಿದವರು ಅವರು. ಕೆ.ಆರ್. ನಗರದವರು ಭತ್ತದವರು. ನೀರು ಕಂಡರೆ ಅದು ಯಾವ ನಾಲೆಗೆ ಹೋಗುತ್ತದೆ, ಎಂದು ಬಿಡುತ್ತಾರೆ ಎಂದು ಕೇಳದೆ ಇರಲಾರರು. ನೀರು ಬೀಳುವುದನ್ನು ನೋಡಬೇಕೆಂದರೆ ಅವರಿಗೆ ಮನೆಬಾಗಿಲಲ್ಲೇ ಚುಂಚನಕಟ್ಟೆ ಇದೆ, ಟಿಕೆಟ್ ಇಲ್ಲ.

ನಾಲ್ಕನೆಯವರು ಕೋಟೆಯವರು. ರೆಸಾರ್ಟ್ ಇರುವುದು ಅವರ ತಾಲ್ಲೂಕಿನಲ್ಲೇ. ಅದು ತೋರಿಸುವುದಾಗಿ ಹೇಳುವ ಪ್ರಾಣಿಗಳು ಇರುವುದು ಅವರ ಹೊಲದಲ್ಲಿ. ಕಂದಕ ತೋಡಿದರು, ಸೌರ ಬೇಲಿ ಹಾಕಿದರು, ರೈಲು ಹಳಿ ನೆಟ್ಟರು. ಆನೆ ಬರುವುದು ಬಂದೇ ಬಂತು. ಆನೆ ನೋಡಲು ಹೋಗೋಣ ಎಂದ ಮಗನಿಗೆ ಈ ಪಂಗಡದ ಯಜಮಾನರು ಕೊಡುವ ಉತ್ತರ ಒಂದೇ: “ಆನೆ ನೋಡಕ್ಕೆ ದುಡ್ಡಾ? ಹೋದ್ ಸಂಕ್ರಾಂತಿಲಿ ಅದೇ ನಮ್ಮನ್ನ ನೋಡಕ್ಕೆ ಬಂದಿತ್ತಲ್ಲಪ್ಪ, ಪುಕ್ಸಟ್ಟೆ.” ಇವರು ಹೆಸರು ಹಿಡಿದು ಗೌರವದಿಂದ ಮಾತಾಡುವ ಆನೆ ಎಂದರೆ ಬಳ್ಳೆ ಶಿಬಿರದ ಅರ್ಜುನ ಮಾತ್ರ. 2012ರಿಂದ ಎಂಟು ದಸರಾ ಚಿನ್ನದ ಅಂಬಾರಿ ಹೊತ್ತು 2023ರ ಡಿಸೆಂಬರಿನಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ ಅರ್ಜುನನನ್ನು ಅವರು ಇಂದಿಗೂ ನೆಂಟನೊಬ್ಬ ಹೋದ ಹಾಗೆ ನೆನೆಯುತ್ತಾರೆ.

ಪಂಗಡ ಯಾವುದೇ ಇರಲಿ, ಮೊದಲ ಹಂತ ನಿರಾಕರಣೆ. ಮಗ ಫೋನಿನಲ್ಲಿ, “ಅಪ್ಪಾಜಿ, ಅಲ್ಲಿ ಏನೂ ಮಾಡೋ ಹಾಗಿಲ್ಲ, ಎರಡು ದಿನ ಸುಮ್ನೆ ಇರೋದು” ಎನ್ನುತ್ತಾನೆ. “ಸುಮ್ನೆ ಕೂರಕ್ಕೆ ಅಲ್ಲೀಗಂಟ ಯಾಕ್ಲಾ ಹೋಗದು? ಇಲ್ಲೇ ಜಗ್ಲಿ ಅದಲ್ಲ” ಎನ್ನುತ್ತಾರೆ ಯಜಮಾನರು. ಎರಡನೆಯ ಹಂತ ರೇಟಿನ ವಿಚಾರಣೆ. ಮಗ ಅರ್ಧ ಮಾಡಿ ಹೇಳುತ್ತಾನೆ. ಆ ಅರ್ಧವನ್ನೇ ಯಜಮಾನರು ಹೊಗೆಸೊಪ್ಪಿನ ಬೇಲಿಗೆ, ಭತ್ತದ ಮೂಟೆಗೆ, ಶುಂಠಿಯ ಚೀಲಕ್ಕೆ ಪರಿವರ್ತಿಸಿ ತಲೆಯ ಮೇಲೆ ಕೈ ಇಡುತ್ತಾರೆ. ಒಂದು ಬೇಲು ಸೊಪ್ಪು ಎಂದರೆ ಸಸಿ ಮಡಿಯಿಂದ ಹಿಡಿದು, ನಾಟಿ, ಗೊಬ್ಬರ, ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಐದಾರು ದಿನ ಬ್ಯಾರನ್ನಿನ ಉರಿ ಕಾಯುವುದು, ಗ್ರೇಡ್ ಮಾಡುವುದು, ಕಟ್ಟೆಯಲ್ಲಿ ಖರೀದಿದಾರನ ಮುಖ ನೋಡುವುದು. ಅಷ್ಟನ್ನೂ ಒಂದು ರಾತ್ರಿ ಮಲಗಿ ಏಳುವುದಕ್ಕೆ ಕೊಡುವುದೆಂದರೆ ನಿದ್ದೆ ಹೇಗೆ ಬಂದೀತು ಎಂಬ ಅವರ ಪ್ರಶ್ನೆಗೆ ಪ್ರವಾಸೋದ್ಯಮದಲ್ಲಿ ಉತ್ತರವಿಲ್ಲ. ಮೂರನೆಯ ಹಂತದಲ್ಲಿ ಸೊಸೆ ಫೋನ್ ತೆಗೆದುಕೊಂಡು, “ಮಾವ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ” ಎನ್ನುತ್ತಾಳೆ. ಯಜಮಾನರು ಒಪ್ಪಿದ್ದಾರೆ ಎಂದು ತಿಳಿಯಬೇಕಾದ್ದು ಇಲ್ಲಿ.

ಸಾಮಾನು ಕಟ್ಟುವುದು ಯಜಮಾನಿಯ ಇಲಾಖೆ. ರೆಸಾರ್ಟಿನಲ್ಲಿ ಮೂರು ಹೊತ್ತಿನ ಊಟವೂ ಸೇರಿದೆ ಎಂದು ಎಷ್ಟು ಸಲ ಹೇಳಿದರೂ ಚಕ್ಕುಲಿ, ಕೋಡುಬಳೆ, ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿ, ಒಂದು ಚೌಕ, ಎರಡು ಸೋಪು, ಒಂದು ಟಾರ್ಚು ಬ್ಯಾಗಿಗೆ ಇಳಿಯುತ್ತವೆ. ಹುಣಸೂರಿನಿಂದ ಕೋಟೆ, ಕೋಟೆಯಿಂದ ಅಂತರಸಂತೆ, ಅಲ್ಲಿಂದ ಹಿನ್ನೀರಿನ ದಡ. ದಾರಿ ಒಂದೂವರೆ ಗಂಟೆಯದು, ತಿಂಡಿ ಒಂದು ವಾರದ್ದು.

ರೆಸಾರ್ಟಿನ ಬಾಗಿಲಲ್ಲಿ ಯಜಮಾನರಿಗೆ ಮಣಿಸರ ಹಾಕಿ, ಹಣೆಗೆ ಕುಂಕುಮ ಇಟ್ಟು, ಸಣ್ಣ ಲೋಟದಲ್ಲಿ ಹಸಿರು ಬಣ್ಣದ ಪಾನಕ ಕೊಡುತ್ತಾರೆ. ಮದುವೆಯಲ್ಲಿ ಅಳಿಯನಾಗಿ ನಿಂತ ಮೇಲೆ ಇಷ್ಟು ಮರ್ಯಾದೆ ಕಂಡಿಲ್ಲದ ಯಜಮಾನರು ಮೊದಲು ಬೆದರಿ ಆಮೇಲೆ ಸಾವರಿಸಿಕೊಳ್ಳುತ್ತಾರೆ. ಪಾನಕ ಮಜ್ಜಿಗೆಹುಲ್ಲಿನದು. ಹಿತ್ತಲಲ್ಲಿ ಬೆಳೆದರೆ ಹಸು ಕೂಡ ಮೂಸಿ ಬಿಡುವ ಹುಲ್ಲು ಎಂದು ಅವರು ಗುರುತಿಸುತ್ತಾರೆ. ಆಮೇಲೆ ಆಧಾರ್ ಕಾರ್ಡ್ ಕೇಳುತ್ತಾರೆ. ಪಡಿತರ ಚೀಟಿ, ಪಹಣಿಯ ನಕಲು ಕೂಡ ಯಜಮಾನರ ಜೇಬಿನಲ್ಲಿ ಸಿದ್ಧವಿರುತ್ತವೆ; ಯಾರೂ ಕೇಳುವುದಿಲ್ಲ ಎಂಬುದೊಂದು ಸಣ್ಣ ನಿರಾಸೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಮಾರನೆಯ ದಿನ ಹನ್ನೊಂದಕ್ಕೆ ಬಿಡಬೇಕು ಎಂದಾಗ ಮಾತ್ರ ಅವರು ಸುಮ್ಮನಿರುವುದಿಲ್ಲ. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ತೂಕದಲ್ಲಿ ಒಂದು ಗಂಟೆ ಹೊಡೆದಿದ್ದಾರೆ.

ಕೋಣೆಗೆ ಇಲ್ಲಿ ಕಾಟೇಜ್ ಎಂದು ಹೆಸರು. ಕಾಡು ಕುರುಬರ ಹಾಡಿಯ ಗುಡಿಸಲನ್ನು ಮಾದರಿಯಾಗಿಟ್ಟುಕೊಂಡು ಹುಲ್ಲಿನ ಮಾಡು ಹೊದಿಸಿದ ರೆಸಾರ್ಟುಗಳೂ ಈ ದಡದಲ್ಲಿವೆ. ಹುಲ್ಲಿನ ಮಾಡು ಕಂಡೊಡನೆ ಯಜಮಾನರು ಬಾಗಿಲಲ್ಲೇ ನಿಲ್ಲುತ್ತಾರೆ. ಹುಟ್ಟಿದ್ದು ಹುಲ್ಲಿನ ಮಾಡಿನ ಕೆಳಗೆ, ಮದುವೆಯ ಹೊತ್ತಿಗೆ ನಾಡಹೆಂಚು, ಮಗ ಶಾಲೆಗೆ ಸೇರುವಾಗ ಮಂಗಳೂರು ಹೆಂಚು, ಆತ ಎಂಜಿನಿಯರಿಂಗ್ ಮುಗಿಸುವಾಗ ಆರ್‌ಸಿಸಿ. ನಲವತ್ತು ವರ್ಷ ಸಾಲ ತೀರಿಸಿ ತಲೆಯ ಮೇಲಿನಿಂದ ಇಳಿಸಿದ ಹುಲ್ಲನ್ನು ಮಗ ಒಂದು ರಾತ್ರಿಯ ಬಾಡಿಗೆಗೆ ಮತ್ತೆ ಏರಿಸಿದ್ದಾನೆ. “ಸೋರಾದಿಲ್ವಾ?” ಎಂದು ಅವರು ಕೇಳುತ್ತಾರೆ. ಒಳಗೆ ಏಸಿ ಇದೆ ಎನ್ನುತ್ತಾನೆ ಹುಡುಗ. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲ ಎಂಬುದನ್ನು ಇಬ್ಬರೂ ಗಮನಿಸುವುದಿಲ್ಲ.

ಮಂಚದ ಮೇಲೆ ಬಿಳಿಯ ಟವೆಲ್ಲನ್ನು ಮಡಚಿ ಜೋಡಿ ಹಂಸ ಮಾಡಿ ಇಟ್ಟಿರುತ್ತಾರೆ. ಯಜಮಾನಿ ಅವುಗಳನ್ನು ಮುಟ್ಟುವುದಿಲ್ಲ. ಅಷ್ಟು ಚಂದ ಮಾಡಿಟ್ಟದ್ದನ್ನು ಬಿಚ್ಚಿ ಮೈ ಒರೆಸುವುದುಂಟೇ ಎಂದು, ಮೆಲ್ಲಗೆ ಎತ್ತಿ ಮೇಜಿನ ಮೇಲೆ ಎದುರು ಬದುರು ಕೂರಿಸಿ, ತಂದ ಚೌಕವನ್ನೇ ಬಳಸುತ್ತಾರೆ. ಮಾರನೆಯ ದಿನ ಕೋಣೆ ಗುಡಿಸಲು ಬಂದವಳಿಗೆ ಹಂಸಗಳು ಹಾಗೇ ಸಿಗುತ್ತವೆ. ರಾತ್ರಿ ಯಜಮಾನರು ಗಂಟೆಗೊಮ್ಮೆ ಎದ್ದು ಏಸಿಯ ರಿಮೋಟಿನಲ್ಲಿ ಎಷ್ಟು ಡಿಗ್ರಿ ಎಂದು ನೋಡುತ್ತಾರೆ. ಮೂವತ್ತು ವರ್ಷ ಬ್ಯಾರನ್ನಿನ ಥರ್ಮಾಮೀಟರ್ ನೋಡಲು ಎದ್ದ ಅಭ್ಯಾಸ ಅದು. ಉರಿ ಒಂದಿಷ್ಟು ಏರಿದರೆ ಸೊಪ್ಪು ಕಪ್ಪು, ಇಳಿದರೂ ನಷ್ಟ. ಇಲ್ಲಿ ಹದಗೆಡುವ ಸೊಪ್ಪು ಒಳಗೆ ಮಲಗಿರುವ ತಾವೇ.

ರೆಸಾರ್ಟ್ ಮಾರುವ ಮುಖ್ಯ ಸರಕು ಬಿಡುವು. ಅದನ್ನು ಕೊಳ್ಳುವುದು ಹೇಗೆಂದು ಯಜಮಾನರಿಗೆ ತಿಳಿಯದು. ಎರಡು ಮರಗಳ ನಡುವೆ ಕಟ್ಟಿದ ಬಲೆಯಲ್ಲಿ ಮಲಗಿ ನೀರು ನೋಡುವುದು ಇಲ್ಲಿನ ಪ್ರಧಾನ ಕಾರ್ಯಕ್ರಮ. ಯಜಮಾನರ ಭಾಷೆಯಲ್ಲಿ ಅದು ಜೋಲಿ. ಅವ್ವ ಕಳೆ ಕೀಳುವಾಗ ಬೇವಿನ ಮರಕ್ಕೆ ಸೀರೆ ಕಟ್ಟಿ ಮಗುವನ್ನು ಹಾಕುತ್ತಿದ್ದದ್ದು. ಮೊಮ್ಮಗಳ ಒತ್ತಾಯಕ್ಕೆ ಅವರು ಪಂಚೆ ಎತ್ತಿ ಕಟ್ಟಿ, ಒಂದು ಕಾಲು ಹಾಕಿ, ಬಲೆ ಸರಿದು, ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಮಗುಚಿ, ಮೂವರು ಹಿಡಿದುಕೊಂಡು ಒಳಗೆ ಇಳಿಸಬೇಕಾಗುತ್ತದೆ. “ತಾತ, ರಿಲ್ಯಾಕ್ಸ್ ಮಾಡಿ” ಎಂದು ಮೊಮ್ಮಗಳು ಅಪ್ಪಣೆ ಕೊಡುತ್ತಾಳೆ. ತಾತ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು, ಹಲ್ಲು ಕಚ್ಚಿ, ಹತ್ತು ನಿಮಿಷ ರಿಲ್ಯಾಕ್ಸ್ ಮಾಡುತ್ತಾರೆ. ಆಮೇಲೆ ಇಳಿದು, ತೋಟದ ಮಾಲಿ ದಾಸವಾಳಕ್ಕೆ ಬುಡ ಬಿಡಿಸುತ್ತಿರುವುದು ಸರಿಯಿಲ್ಲವೆಂದು ಕಂಡು, ಗುದ್ದಲಿ ಈಸಿಕೊಂಡು ನಾಲ್ಕು ಗಿಡಕ್ಕೆ ಬುಡ ಬಿಡಿಸಿದಾಗಲೇ ಅವರಿಗೆ ಉಸಿರು ಸಲೀಸಾಗುವುದು.

ಊಟ ಬಫೆ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಬಡಿಸಿಕೊಂಡು ಅಭ್ಯಾಸವಾದವರಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ತಹಶೀಲ್ದಾರರ ಕಚೇರಿಯ ನೆನಪು ತರುತ್ತದೆ. ಮೂವತ್ತು ಬಗೆಯ ಪದಾರ್ಥಗಳ ನಡುವೆ ‘ಲೋಕಲ್ ಡೆಲಿಕಸಿ’ ಎಂಬ ಚೀಟಿಯ ಹಿಂದೆ ನಿಂಬೆಹಣ್ಣಿನ ಗಾತ್ರದ ರಾಗಿಮುದ್ದೆ ಇರುತ್ತದೆ, ಮೇಲೊಂದು ಕೊತ್ತಂಬರಿ ಎಲೆ. ಯಜಮಾನರು ಒತ್ತಿ ನೋಡಿ ಲೋ ಗ್ರೇಡ್ ಎಂದು ತೀರ್ಮಾನಿಸುತ್ತಾರೆ. ಪಕ್ಕದ ಮೇಜಿನವರು ಅದನ್ನು ಚಾಕು ಮುಳ್ಳುಚಮಚದಿಂದ ಕತ್ತರಿಸಿ ಅಗಿಯುವುದನ್ನು ಕಂಡಾಗ ಯಜಮಾನಿ ಮುಖ ಆಚೆ ತಿರುಗಿಸುತ್ತಾರೆ.

ಈ ಸಂಕಟದಿಂದ ಯಜಮಾನರನ್ನು ಪಾರುಮಾಡುವುದು ಅವರಲ್ಲಿ ಮಾತ್ರ ಇರುವ ಒಂದು ಶಕ್ತಿ. ಬಡಿಸುವ ಹುಡುಗ ಟೈ ಕಟ್ಟಿಕೊಂಡು ಇಂಗ್ಲಿಷಿನಲ್ಲಿ ಗುಡ್ ಈವನಿಂಗ್ ಹೇಳುತ್ತಾನೆ. ಯಜಮಾನರು ಕೇಳುತ್ತಾರೆ, “ಯಾವೂರಪ್ಪ ಮಗ?”

“ಇಲ್ಲೇ ಅಂತರಸಂತೆ ಹತ್ರ, ಸರ್.”

“ಯಾರ ಪೈಕಿ?”

ಹುಡುಗ ಆಚೀಚೆ ನೋಡಿ ತಾತನ ಹೆಸರು ಹೇಳುತ್ತಾನೆ. “ಅಯ್ಯೋ, ಅವ್ರ ಅಣ್ಣನ್ ಮನೆಗೆ ನಮ್ಮ ಚಿಕ್ಕಪ್ಪನ್ ಮಗಳ್ನ ಕೊಟ್ಟಿವಿ ಕಣಪ್ಪ. ಬೀಗರ ಮನೆಯೋನು ನೀನು, ತಟ್ಟೆ ಹಿಡ್ಕಂಡು ನಿಂತಿದ್ದೀಯಲ್ಲ” ಎಂದಾಗ ಟೈ ಸಡಿಲವಾಗುತ್ತದೆ. ಸರ್ ಹೋಗಿ ದೊಡ್ಡಪ್ಪ ಬರುತ್ತದೆ. ನಾಲ್ಕು ತಾಲ್ಲೂಕಿನ ಯಾವ ಯಜಮಾನರಿಗೂ ಈ ಸಂಬಂಧ ಹಿಡಿಯಲು ಐದು ನಿಮಿಷಕ್ಕಿಂತ ಹೆಚ್ಚು ಬೇಕಿಲ್ಲ. ಆ ರಾತ್ರಿ ದೊಡ್ಡಪ್ಪ, ದೊಡ್ಡಮ್ಮ ಅಡುಗೆಮನೆಯ ಹಿಂದೆ ಕೆಲಸಗಾರರು ಉಣ್ಣುವ ಜಾಗದಲ್ಲಿ ಚಾಪೆಯ ಮೇಲೆ ಕುಳಿತು, ಮುಷ್ಟಿ ಗಾತ್ರದ ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಪಕ್ಕದಲ್ಲಿ ಕೆಂಪು ಖಾರ, ಮನೆಯಿಂದ ತಂದ ಮಾವಿನಕಾಯಿ ಉಪ್ಪಿನಕಾಯಿ ಇಟ್ಟುಕೊಂಡು ಉಣ್ಣುತ್ತಾರೆ. ಉಪ್ಪಿನಕಾಯಿ ಡಬ್ಬಿ ಅಲ್ಲೇ ಖಾಲಿಯಾಗುತ್ತದೆ. ಮಗ ಸೊಸೆ ಅವರನ್ನು ಹುಡುಕಿಕೊಂಡು ಈಜುಕೊಳದ ಸುತ್ತ ಎರಡು ಸುತ್ತು ಹಾಕಿರುತ್ತಾರೆ.

ಬೆಳಗಿನ ಜಾವ ಸಫಾರಿ. ನಾಗರಹೊಳೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಮೀಸಲು ಆಯಿತು ಎಂದು ಗೈಡ್ ಹೇಳುವಾಗ ಯಜಮಾನರು ತಲೆಯಾಡಿಸುತ್ತಾರೆ. ಅದಕ್ಕೂ ಮೊದಲು ಅದು ಏನಾಗಿತ್ತು ಎಂಬ ಅಧ್ಯಾಯ ತಮ್ಮದು ಎಂಬುದು ಅವರ ನಂಬಿಕೆ. ಜೀಪಿನಲ್ಲಿ ಉಳಿದವರೆಲ್ಲ ಮಾರುದ್ದದ ಕ್ಯಾಮೆರಾ ಹಿಡಿದು ಕರಿಚಿರತೆಗಾಗಿ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಯಜಮಾನರು ತೇಗದ ಮರದ ಸುತ್ತಳತೆಯನ್ನು ಕಣ್ಣಿನಲ್ಲೇ ಅಳೆಯುತ್ತಿರುತ್ತಾರೆ. ಆನೆ ಎದುರಾದಾಗ ಎಲ್ಲರೂ ವಾಹ್ ಎಂದರೆ ಅವರ ಬಾಯಿಂದ ಅಭ್ಯಾಸಬಲದಿಂದ “ಹೋ ಹೋ, ಹೊಂಡು ಹೊಂಡು” ಎಂಬ ಗದರಿಕೆ ಹೊರಡುತ್ತದೆ. ಹೊಲ ಕಾಯುವ ಅಟ್ಟಣೆಯ ಮೇಲೆ ಕಲಿತ ಭಾಷೆ. ಆನೆ ನಿಜಕ್ಕೂ ತಿರುಗಿ ಹೋಗುತ್ತದೆ. ಕ್ಯಾಮೆರಾದವರು ಹಿಂತಿರುಗುವವರೆಗೂ ಅವರೊಡನೆ ಮಾತಾಡುವುದಿಲ್ಲ.

ದೋಣಿ ವಿಹಾರ ಬಂದ ದಿನದ ಸಂಜೆಯೇ. ಕಿತ್ತಳೆ ಬಣ್ಣದ ಜಾಕೆಟ್ಟಿನೊಳಗೆ ಯಜಮಾನರನ್ನು ಬಿಗಿದು ಕೂರಿಸಿದ ಮೇಲೆ ಅವರಿಂದ ಕೇಳಿಬರುವುದು ಕಾಕನಕೋಟೆಯ ಖೆಡ್ಡಾ. ಮಾಸ್ತಿಯವರು ನಾಟಕಕ್ಕೆ ಆರಿಸಿಕೊಂಡ ಅದೇ ಕಾಕನಕೋಟೆ. ಕಾಡಾನೆಗಳನ್ನು ಹೊಳೆಗೆ ಅಟ್ಟಿ ದಾಟಿಸಿ ದೊಡ್ಡಿಗೆ ತುಂಬುವ ಆ ಆಟ ಕೊನೆಯ ಸಲ ನಡೆದದ್ದು 1971ರಲ್ಲಿ. ಆಮೇಲೆ ಅಣೆಕಟ್ಟು ಬಂದು ಆ ಕಡೆಯ ನೆಲವೆಷ್ಟೋ ನೀರಿನಡಿಗೆ ಹೋಯಿತು. ಅಪ್ಪನ ಹೆಗಲ ಮೇಲೆ ಕೂತು ಆ ಕೊನೆಯ ಖೆಡ್ಡಾ ನೋಡಿದ್ದೇನೆ ಎನ್ನದ ಯಜಮಾನರು ನಾಲ್ಕು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಅಷ್ಟೂ ಜನ ಅಂದು ಬಂದಿದ್ದರೆ ಆನೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಯಾರೂ ಲೆಕ್ಕ ಕೇಳುವುದಿಲ್ಲ, ಏಕೆಂದರೆ ಸಾಕ್ಷಿಯೆಲ್ಲ ದೋಣಿಯ ಕೆಳಗಿದೆ. ನೀರು ಇಳಿದಾಗ ಅಲ್ಲಲ್ಲಿ ನಿಂತ ಒಣ ಮರದ ಬೊಡ್ಡೆಗಳನ್ನು ಉಳಿದವರು ಫೋಟೋ ತೆಗೆಯುತ್ತಾರೆ. ಯಜಮಾನರು ಅವು ಮತ್ತಿಯೋ ಹೊನ್ನೆಯೋ ಎಂದು ಹೇಳಿ, ಮುಳುಗಿದ ಹಳ್ಳಿಗಳಿಂದ ಎದ್ದು ಹೋದ ಯಾವುದೋ ನೆಂಟರ ಮನೆ ಇಲ್ಲೇ ಎಲ್ಲೋ ಇತ್ತೆಂದು ಕೈ ತೋರಿಸುತ್ತಾರೆ. ಕೈ ತೋರಿಸಿದ ಕಡೆ ಬರೀ ನೀರಿರುತ್ತದೆ.

ಬೇಸಿಗೆಯಲ್ಲಿ ಇಳಿದ ನೀರಿನ ಅಂಚಿಗೆ ಹೊಸ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿದ್ದರಿಂದ ಆನೆ ಹಿಂಡುಗಳು ಆ ಹುಲ್ಲಿಗೂ ನೀರಿಗೂ ಬಂದು ಸೇರುತ್ತವೆ. ದೋಣಿಯಿಂದ ಇಳಿದ ಮೇಲೆ ಯಜಮಾನರು ಕಡವಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದು ಆಚೆ ದಡದ ಈ ಆನೆಗಳನ್ನು ನೋಡುತ್ತ. ಮರಿಯಾನೆಯೊಂದು ತಾಯಿಯ ಕಾಲ ನಡುವೆ ನಿಂತು ನೀರು ಎರಚಿಕೊಳ್ಳುತ್ತದೆ. ಇಲ್ಲಿಂದ ಆನೆಗೂ ಯಜಮಾನರಿಗೂ ನಡುವೆ ರಾಗಿ ಹೊಲ ಇಲ್ಲ. ಅರ್ಧ ಗಂಟೆ ಅವರು ಯಾವುದನ್ನೂ ಬೇಲಿಗೆ ಪರಿವರ್ತಿಸುವುದಿಲ್ಲ. ಸೊಸೆ ಕಾಫಿ ತಂದು ಪಕ್ಕದಲ್ಲಿಟ್ಟದ್ದು ಆರಿ ಹೋಗಿರುತ್ತದೆ. ಏನು ಮಾಡುತ್ತಿದ್ದಿರಿ ಎಂದು ಮಗ ಕೇಳಿದರೆ, “ನೀರು ಎಷ್ಟಡಿ ಇಳಿದದೆ ಅಂತ ನೋಡ್ತಿದ್ದೆ” ಎನ್ನುತ್ತಾರೆ.

ಊರಿಗೆ ಮರಳಿದ ಮೇಲೆ ಅರಳಿಕಟ್ಟೆಯಲ್ಲಿ ವರದಿ ಒಪ್ಪಿಸುವುದು ಕಡೆಯ ಹಂತ. ಮಗ ಅರ್ಧ ಮಾಡಿ ಹೇಳಿದ ರೇಟನ್ನು ಯಜಮಾನರು ಇಲ್ಲಿ ಎರಡರಷ್ಟು ಮಾಡಿ ಹೇಳುತ್ತಾರೆ. ನಿಜವಾದ ಮೊತ್ತ ಹೀಗೆ ತಾನಾಗಿ ಹೊರಬೀಳುತ್ತದೆ. ಹುಲ್ಲಿನ ಮಾಡು ‘ಹಳೇ ಕಾಲದ ಕಟ್ಟಡ’ ಆಗುತ್ತದೆ. ಜೋಲಿಯಿಂದ ಬಿದ್ದದ್ದು ವರದಿಯಲ್ಲಿರುವುದಿಲ್ಲ. ಆನೆಯನ್ನು ತಾವು ಗದರಿಸಿ ಅಟ್ಟಿದ್ದು ಇರುತ್ತದೆ. ಮಾರನೆಯ ದಿನದಿಂದ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ನೋಡುವಾಗ ಕೆ.ಆರ್.ಎಸ್. ಬಿಟ್ಟು ಮೊದಲು ಕಬಿನಿಯ ಸಾಲಿಗೆ ಕಣ್ಣು ಹೋಗುತ್ತದೆ. ಅಲ್ಲಿಯ ನೀರಿಗೆ ತಾವೂ ಒಂದು ಬೇಲು ಸೊಪ್ಪು ಹಾಕಿ ಬಂದವರು ಎಂಬ ಹಕ್ಕಿನಿಂದ.

ಒಂದು ವರ್ಷ ಕಳೆದು ಮಗ ಮತ್ತೆ ಫೋನ್ ಮಾಡುತ್ತಾನೆ. ಈ ಸಲ ಅಂಡಮಾನ್, ಹ್ಯಾವ್ಲಾಕ್ ಎನ್ನುತ್ತಿದ್ದ ಸ್ವರಾಜ್ ದ್ವೀಪ. ನಿಜವಾದ ಬೀಚು, ನಿಜವಾದ ಸಮುದ್ರ. ಯಜಮಾನರು ಕೇಳುತ್ತಾರೆ, “ಅಲ್ಲಿ ನೀರು ಎಷ್ಟಡಿ?”

“ಅದು ಸಮುದ್ರ ಅಪ್ಪಾಜಿ, ಅಡಿ ಗಿಡಿ ಇಲ್ಲ.”

“ಹಂಗಾರೆ ಭರ್ತಿ ಆಗದು ಯಾವಾಗ? ಬಾಗಿನ ಬಿಡದು ಯಾರು?”

ಎಂದೂ ಭರ್ತಿಯಾಗದ, ಯಾವ ನಾಲೆಗೂ ಬಿಡದ, ಕುಡಿಯಲೂ ಬಾರದ ನೀರನ್ನು ನೋಡಲು ವಿಮಾನ ಹತ್ತುವುದು ದಂಡ ಎಂದು ಅವರು ಖಡಾಖಂಡಿತವಾಗಿ ಹೇಳಿ ಫೋನಿಡುತ್ತಾರೆ. ಟಿಕೆಟ್ ಬುಕ್ ಆಗುವುದು ಸಾಮಾನ್ಯವಾಗಿ ಮಾರನೆಯ ದಿನ.